ವ್ರತವೂ ವಾದ್ಯವೂ

ಲಂಡನ್ನಿನ ಕ್ವೀನ್ ಎಂಬ ರಾಕ್ ವಾದ್ಯವೃಂದವು 1973ರ ತನ್ನ ಮೊದಲ ಆಲ್ಬಮಿನಿಂದ ಮೊದಲ್ಗೊಂಡು ಹಲವು ಮುದ್ರಿಕೆಗಳಲ್ಲಿ, ಇದರೊಳಗೆ ಸಿಂಥಸೈಜರಿನ ನಾದವಿಲ್ಲವೆಂಬ ಮಾತನ್ನು ಹೊದಿಕೆಯ ಮೇಲೆಯೇ ಅಚ್ಚುಮಾಡಿಸುತ್ತಿದ್ದಿತು. ವೃಂದದ ಗಿಟಾರ್ ವಾದಕನಾದ ಬ್ರಯಾನ್ ಮೇ ತನ್ನ ತಂದೆಯೊಡಗೂಡಿ, ಹಳೆಯ ಅಗ್ಗಿಷ್ಟಿಕೆಯೊಂದರ ಮರದಿಂದ ಮನೆಯಲ್ಲಿಯೇ ಕೆತ್ತಿಕೊಂಡ ಗಿಟಾರನ್ನು ಮತ್ತೆ ಮತ್ತೆ ನುಡಿಸಿ, ಪದರದ ಮೇಲೆ ಪದರವಾಗಿ ಮುದ್ರಿಸಿ ಪಡೆದ ನಾದವು ಅದೆಷ್ಟು ತುಂಬಿಕೊಂಡಿರುತ್ತಿದ್ದಿತೆಂದರೆ, ಕೇಳಿದವರು ಅದನ್ನು ಯಂತ್ರದ್ದೆಂದೇ ಭ್ರಮಿಸುತ್ತಿದ್ದರು. ಬೆರಳಿನ ಶ್ರಮವನ್ನು ಯಂತ್ರದ ಲೆಕ್ಕಕ್ಕೆ ಬರೆಯದಿರಿ ಎಂಬುದೇ ಆ ಘೋಷಣೆಯ ಆಶಯ. ಆದರೆ 1980ರಲ್ಲಿ ಹೊರಬಂದ ‘ದಿ ಗೇಮ್’ ಆಲ್ಬಮಿನಲ್ಲಿ ಅದೇ ವೃಂದವು ಓಬರ್‌ಹೈಮ್ ಸಿಂಥಸೈಜರನ್ನು ತಾನಾಗಿ ಕೈಗೆತ್ತಿಕೊಂಡಿತು. ಇದು ವ್ರತಭಂಗವೆ? ಸಾಧನವೊಂದನ್ನು ವರ್ಜಿಸುವುದರಿಂದ ಒದಗುವ ಶುದ್ಧಿಯು ವಾದ್ಯಕ್ಕೆ ಸೇರಿದುದೋ, ನುಡಿಸುವವನ ಚಿತ್ತಕ್ಕೆ ಸೇರಿದುದೋ?

ಹುಮನಾಬಾದಿನವರಿಗೆ ಈ ಪ್ರಶ್ನೆ ದೂರದ್ದಲ್ಲ. ಊರ ಮಗ್ಗುಲ ಮಾಣಿಕನಗರದಲ್ಲಿ, ಯಾವ ಮತವನ್ನೂ ಹೊರಗಿಡದ ಸಕಲಮತ ತತ್ತ್ವವನ್ನು ಬೋಧಿಸಿದ ಮಾಣಿಕಪ್ರಭುಗಳು (1817–1865) ಮರಾಠಿ, ಕನ್ನಡ, ಹಿಂದಿಗಳಲ್ಲಿ ಪದಗಳನ್ನು ರಚಿಸಿ ಹಾಡಿದರು. ದತ್ತಜಯಂತಿಯ ದರ್ಬಾರಿನಲ್ಲಿ ಸಂಗೀತಸೇವೆಯು ಇಂದಿಗೂ ನಡೆದುಬಂದಿದೆ. ನಮ್ಮ ಸೀಮೆಯ ಭಜನೆಯಲ್ಲಿ ಪೇಟಿ, ಎಂದರೆ ಹಾರ್ಮೋನಿಯಂ, ಇಲ್ಲದೆ ಹಾಡು ಮೇಲೇಳುವುದೇ ಇಲ್ಲ. ಆ ಪೇಟಿಯಾದರೋ, ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಹುಟ್ಟಿ ಇತ್ತ ಬಂದುದು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಅದರಲ್ಲಿ ಬಾರದೆಂಬ ಕಾರಣಕ್ಕಾಗಿ ಆಕಾಶವಾಣಿಯು 1940ರಲ್ಲಿ ಅದನ್ನು ನಿಷೇಧಿಸಿ, ಮೂರು ದಶಕಗಳ ಕಾಲ ಹೊರಗಿಟ್ಟಿದ್ದಿತು. ಆಕ್ಷೇಪವು ಸತ್ಯವಾದುದೇ, ಮೀಂಡು ಅದರಲ್ಲಿ ಇಂದಿಗೂ ಬಾರದು. ಆದರೂ ಅದರ ಜೊತೆಗೆ ಹಾಡಿದ ಭಕ್ತರ ಕಂಠದಲ್ಲಿ ಭಕ್ತಿಯು ಕುಂದಿತೆಂದು ಹೇಳುವ ಧೈರ್ಯ ನನಗಿಲ್ಲ.

ಹಾಗಾದರೆ ಎಲ್ಲ ವಾದ್ಯವೂ ಸಮವೆಂದು ಸುಮ್ಮನಾಗಬಹುದೆ? ಅದೂ ಸಲ್ಲದು. ಬೆಂಗಳೂರಿನಲ್ಲಿ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ರೂಪಿಸಿದ ಇಲೆಕ್ಟ್ರಾನಿಕ್ ತಂಬೂರಿಯ ಬಗೆಯ ಪೆಟ್ಟಿಗೆಗಳು ಈಗ ಎಲ್ಲೆಡೆ ಇವೆ. ಗುಂಡಿಯೊತ್ತಿದರೆ ಶ್ರುತಿ ಸಿದ್ಧ. ಮರದ ತಂಬೂರಿಯಲ್ಲಿ ಹಾಗಲ್ಲ. ಬಿರಡೆಯನ್ನು ತಿರುಗಿಸಿ, ಮಣಿಯನ್ನು ಕೂದಲೆಳೆಯಷ್ಟು ಸರಿಸಿ, ಕುದುರೆಯ ಮೇಲೆ ತಂತಿಯಡಿಗೆ ನೂಲೆಳೆಯೊಂದನ್ನು ತೂರಿಸಿ ಹಿಂದೆ ಮುಂದೆ ಎಳೆಯುತ್ತ, ಯಾವ ಬಿಂದುವಿನಲ್ಲಿ ತಂತಿಯು ಝೇಂಕರಿಸಿ ಅರಳುವುದೋ ಆ ಬಿಂದುವಿಗಾಗಿ ಕಿವಿಗೊಟ್ಟು ಕಾಯುವ ಆ ಹೊತ್ತು, ಹಾಡುವುದಕ್ಕೆ ಮುನ್ನವೇ ಗಾಯಕನ ಅಹಂಕಾರವನ್ನು ತಗ್ಗಿಸುವ ಧ್ಯಾನವಾಗಿರುತ್ತದೆ. ಯಂತ್ರವು ಅಪಹರಿಸುವುದು ನಾದವನ್ನಲ್ಲ, ಈ ಕಾಯುವಿಕೆಯನ್ನು. ವ್ರತವೊಂದು ರಕ್ಷಿಸಬೇಕಾದುದೂ ಇದನ್ನೇ, ಉಳಿದುದೆಲ್ಲ ಕಟ್ಟಳೆ.

ಶರಣರು ಈ ವಿಷಯದಲ್ಲಿ ನಮಗಿಂತ ನಿರ್ಭೀತರು. ಮೆದೆಹುಲ್ಲನ್ನು ಕೊಯ್ಯುತ್ತಿದ್ದಾಗ ಇಷ್ಟಲಿಂಗವು ಜಾರಿಬಿದ್ದರೂ ನುಲಿಯ ಚಂದಯ್ಯನು ಅದನ್ನೆತ್ತಿಕೊಳ್ಳದೆ ತನ್ನ ಕಾಯಕದಲ್ಲಿಯೇ ತೊಡಗಿದನೆಂದೂ, ಲಿಂಗವೇ ಅವನ ಬೆನ್ನುಹತ್ತಿ ಬಂದಿತೆಂದೂ ಪ್ರತೀತಿ. ಬಸವಕಲ್ಯಾಣದಲ್ಲಿ ಅವನ ಹೆಸರಿನ ಗವಿ ಇಂದಿಗೂ ಇದೆ. ಪೂಜೆಗೆ ಪರಮಸಾಧನವಾದ ಲಿಂಗದ ಮುಂದೆಯೂ ಹುಲ್ಲು ಕೊಯ್ಯುವ ಕೈಯ ನಿಷ್ಠೆಗೆ ಹಿರಿಮೆ ಕೊಟ್ಟ ಪರಂಪರೆಯು, ತಂತಿಗೂ ವಿದ್ಯುತ್ತಿಗೂ ನಡುವೆ ಮಡಿಮೈಲಿಗೆಯ ಗೆರೆಯೆಳೆಯಲಾರದು. ಆದರೆ ಕೈಯೇ ಕೆಲಸ ಬಿಟ್ಟಿತಾದರೆ ಅದು ಕ್ಷಮಿಸುವುದೂ ಇಲ್ಲ.

ಈ ದೃಷ್ಟಿಯಿಂದ ‘ದಿ ಗೇಮ್’ ನನಗೆ ಪತನವಾಗಿ ತೋರದು. ಅಲ್ಲಿ ಯಂತ್ರವು ಅಲಂಕಾರವಾಗಿ ಬಂದು ಹೋಗುತ್ತದೆ. ಅದರ ಅತ್ಯಂತ ಪ್ರಸಿದ್ಧ ಗೀತೆಯು ನಿಂತಿರುವುದು ಜಾನ್ ಡೀಕನ್‌ನ ಬೇಸ್ ಗಿಟಾರಿನ ಮೇಲೆ. 1982ರ ‘ಹಾಟ್ ಸ್ಪೇಸ್’ನಲ್ಲಿಯೇ ಹಲವೆಡೆ ಯಂತ್ರವು ಕೈಯ ಸ್ಥಾನದಲ್ಲಿ ಕುಳಿತುದು, ಅಭಿಮಾನಿಗಳಲ್ಲಿ ಅನೇಕರು ವ್ಯಥೆಪಟ್ಟುದು. ನಮ್ಮ ಭಜನಾಮಂದಿರಗಳಲ್ಲಿ ಪೆಟ್ಟಿಗೆಯ ಶ್ರುತಿ ಇರಲಿ, ಊರೂರು ತಿರುಗುವ ಹಾಡುಗಾರನಿಗೆ ಅದೊಂದು ಉಪಕಾರವೇ. ಆದರೆ ಕಲಿಯಲು ಬಂದ ಮಗುವಿನ ಕೈಗೆ ಮೊದಲು ಮರದ ತಂಬೂರಿಯನ್ನೇ ಕೊಟ್ಟು, ಆ ನೂಲೆಳೆಯನ್ನು ಸರಿಸಲು ಹೇಳಬೇಕು.