ಕಲಿತುದನ್ನು ಹೇಳುವ ಬಗೆ

ತಾನು ಕಲಿತುದನ್ನು ತಾನೇ ಹೇಳಿಕೊಳ್ಳುವುದು ಆತ್ಮಸ್ತುತಿಯೋ, ಸತ್ಯಕಥನವೋ? ಪ್ರಶ್ನೆ ಹಳೆಯದು. ಅಮೇರಿಕದ ಕಾಲೇಜುಗಳಿಗೆ ಅರ್ಜಿ ಬರೆಯಲು ಕುಳಿತ ಹದಿನೇಳು ವರ್ಷದ ವಿದ್ಯಾರ್ಥಿಯ ಮುಂದೆ ಅದು ಇಂದು ಹೊಸ ವೇಷದಲ್ಲಿ ಬಂದು ನಿಲ್ಲುತ್ತದೆ. ಕರ್ನಾಟಕದಲ್ಲಿ ಇಂಜಿನಿಯರಿಂಗ್, ವೈದ್ಯಕೀಯಗಳ ಪ್ರವೇಶವು ಬಹುಮಟ್ಟಿಗೆ ಪರೀಕ್ಷೆಯ ಶ್ರೇಯಾಂಕದಿಂದಲೇ ತೀರ್ಮಾನವಾಗುವುದರಿಂದ ಅಭ್ಯರ್ಥಿಯು ತನ್ನ ವಿಷಯವಾಗಿ ಒಂದು ವಾಕ್ಯವನ್ನೂ ಬರೆಯಬೇಕಾಗಿಲ್ಲ. ಅಮೇರಿಕದ ರೀತಿ ಬೇರೆ. ಅಲ್ಲಿ ಸಾವಿರಕ್ಕೂ ಮಿಕ್ಕ ಕಾಲೇಜುಗಳು ಸ್ವೀಕರಿಸುವ ‘ಕಾಮನ್ ಅಪ್ಲಿಕೇಷನ್’ ಎಂಬ ಅರ್ಜಿಯಲ್ಲಿ, ತರಗತಿಯ ಹೊರಗೆ ಮಾಡಿದ ಕಾರ್ಯಗಳಿಗಾಗಿ 10 ಸ್ಥಾನಗಳಿವೆ. ಒಂದೊಂದರ ವಿವರಣೆಗೆ 150 ಅಕ್ಷರಗಳ ಮಿತಿ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ದುಡಿದುದೆಂಬುದನ್ನೂ ಅಲ್ಲಿ ಕಾಣಿಸತಕ್ಕದ್ದು.

ಎಂ.ಐ.ಟಿ. ಸಂಸ್ಥೆಯು ತನ್ನ ಪಾಠಸಾಮಗ್ರಿಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಡುವೆನೆಂದು ಸಾರಿದುದು 2001ರಲ್ಲಿ. 2012ರಲ್ಲಿ ಕೋರ್ಸೆರಾ, ಎಡೆಕ್ಸ್‌ಗಳು ಆರಂಭವಾದವು. ಅದೇ ವರ್ಷ ಮಂಗೋಲಿಯದ ಉಲಾನ್‌ಬಾತರ್ ನಗರದ ಹದಿನೈದು ವರ್ಷದ ಬಾಲಕನೊಬ್ಬ ಎಂ.ಐ.ಟಿ.ಯ ವಿದ್ಯುನ್ಮಂಡಲ ಪಾಠದಲ್ಲಿ ಪೂರ್ಣಾಂಕ ಪಡೆದನು. ಆ ಪಾಠಕ್ಕೆ ಹೆಸರು ಬರೆಸಿದವರು ಸುಮಾರು ಒಂದೂವರೆ ಲಕ್ಷ ಜನ. ಆ ಬಾಲಕನು ಮುಂದೆ ಅದೇ ಸಂಸ್ಥೆಯ ವಿದ್ಯಾರ್ಥಿಯಾದನು. ವಾಹನಗಳು ನೆಲಮಾಳಿಗೆಯಿಂದ ಹೊರಬರುವಾಗ ದಾರಿಯಲ್ಲಿ ಆಡುವ ತನ್ನ ತಂಗಿಗೆ ಎಚ್ಚರ ಕೊಡಲೆಂದು ಒಂದು ಸದ್ದಿನ ಉಪಕರಣವನ್ನೂ ಅವನು ಮಾಡಿದ್ದನು. ಕಲಿತುದು ಕೈಗೆ ಇಳಿದಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹೆಸರು ಬರೆಸುವುದು ಇಷ್ಟು ಸುಲಭವಾದಲ್ಲಿ ಬರೆಸಿದ ಮಾತ್ರಕ್ಕೆ ಬೆಲೆಯಿಲ್ಲವೆಂಬುದು ಸ್ಪಷ್ಟ. ಪ್ರಮಾಣಪತ್ರವು ಕುರುಹು, ಅರಿವು ಬೇರೆಡೆ ಇರುತ್ತದೆ. ಹಾರ್ವರ್ಡಿನ ‘ಸಿ.ಎಸ್. 50’ ಎಂಬ ಗಣಕಶಾಸ್ತ್ರದ ಪ್ರಥಮ ಪಾಠವನ್ನೇ ನೋಡಬಹುದು. ಅದನ್ನು ಯಾರು ಬೇಕಾದರೂ ಹಣವಿಲ್ಲದೆ ಕಲಿಯಬಹುದು; ಬಿಡಿಸಬೇಕಾದ ಸಮಸ್ಯೆಗಳಿವೆ, ಕೊನೆಯಲ್ಲಿ ಸ್ವಂತ ರಚನೆಯೊಂದನ್ನು ಸಲ್ಲಿಸಬೇಕು. ಇದನ್ನು ಮುಗಿಸಿದವನು “ಸಿ.ಎಸ್. 50 ಮುಗಿಸಿ, ಊರಿನ ಗ್ರಂಥಾಲಯಕ್ಕೆ ಪುಸ್ತಕಪಟ್ಟಿಯ ಕಾರ್ಯಕ್ರಮ ರಚಿಸಿದೆ” ಎಂದು ಬರೆದರೆ ಅದು ನೇರವಾದ ಮಾತು. “ಹಾರ್ವರ್ಡಿನಲ್ಲಿ ವ್ಯಾಸಂಗ” ಎಂದು ಬರೆದರೆ, ಒಂದೊಂದು ಪದವನ್ನೂ ವಾದದಿಂದ ಸಮರ್ಥಿಸಬಹುದಾದರೂ, ಓದುವವನ ಮನಸ್ಸಿನಲ್ಲಿ ಮೂಡುವ ಚಿತ್ರ ಸುಳ್ಳು. ಇದ್ದುದನ್ನು ಓರೆಯಾಗಿ ಇಟ್ಟರೂ ಅಸತ್ಯವೇ ಹುಟ್ಟುತ್ತದೆ. ಹನ್ನೆರಡು ವಾರಗಳ ಪಾಠದಲ್ಲಿ ನಾಲ್ಕನ್ನು ಮಾತ್ರ ಓದಿದವನು ನಾಲ್ಕೆಂದೇ ಬರೆಯಲಿ, ಅದರಲ್ಲಿ ಅವಮಾನವೇನಿದೆ?

ಇದರ ಎದುರಿಗೆ ಇನ್ನೊಂದು ದೋಷವಿದೆ, ಮತ್ತು ಸಂಕೋಚಶೀಲರಾದ ಕನ್ನಡ ಮನೆಗಳಲ್ಲಿ ಇದೇ ಹೆಚ್ಚು ಅಪಾಯಕರವೆನ್ನಬಹುದು. ತನ್ನ ಬಾಯಿಂದ ತನ್ನ ಗುಣ ಹೇಳಬಾರದೆಂದು ಬೆಳೆದ ಮಗುವು ರಾತ್ರಿಗಳನ್ನು ಸವೆಸಿ ಮಾಡಿದ ಕೆಲಸವನ್ನು ಅರ್ಜಿಯಲ್ಲಿ ಕಾಣಿಸುವುದೇ ಇಲ್ಲ. ಶಾಲೆಯ ಅಂಕಪಟ್ಟಿ ಆ ವಿಷಯದಲ್ಲಿ ಮೂಕ. ಏಕಾಂತದಲ್ಲಿ ಕಲಿತವನಿಗೆ ಸಾಕ್ಷಿ ಹೇಳಲು ಗುರುವೂ ಇಲ್ಲ. ಕಾಗದವೊಂದನ್ನೇ ಕಂಡು ತೀರ್ಪು ಹೇಳಬೇಕಾದವನನ್ನು ಕತ್ತಲಲ್ಲಿ ಇಡುವ ಮೌನವನ್ನು ವಿನಯವೆಂದು ಕರೆಯುವುದು ಕಷ್ಟ. ನೇಯ್ದ ಬಟ್ಟೆಯನ್ನು ಬಿಚ್ಚಿ ತೋರಿಸಿದ ನೇಕಾರನನ್ನು ಯಾರೂ ಜಂಬದವನೆನ್ನುವುದಿಲ್ಲ. ಕೇಳಿದಲ್ಲಿಯೂ ಹೇಳದೆ, ಇತರರೇ ಹುಡುಕಿ ಕೊಂಡಾಡಲೆಂದು ಕಾಯುವುದರಲ್ಲಿ ಅಹಂಕಾರದ ಸೂಕ್ಷ್ಮ ಬೇರೊಂದು ಅಡಗಿರುವುದೂ ಉಂಟು.

ಸ್ವತಂತ್ರ ಯೋಜನೆಗಳಲ್ಲಿ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಮಗಳು ತೊಟ್ಟಿಯ ನೀರಿನ ಮಟ್ಟ ಅಳೆಯುವ ಸಾಧನವನ್ನು ಯೋಚಿಸಿದಳೆನ್ನೋಣ; ಇಂಜಿನಿಯರನಾದ ತಂದೆ ಅದರ ಬೆಸುಗೆಯನ್ನು ಮಾಡಿ, ಕೆಟ್ಟಾಗ ಸರಿಪಡಿಸಿ, ಕೊನೆಗೆ ಮುಕ್ಕಾಲು ಪಾಲು ತಾನೇ ಕಟ್ಟಿದನು. “ನಿರ್ಮಿಸಿದೆ” ಎಂಬ ಒಂದು ಕ್ರಿಯಾಪದದಲ್ಲಿ ತಂದೆಯು ಮಾಯವಾಗುತ್ತಾನೆ. ಅಕ್ಷರಗಳ ಮಿತಿ ಇಲ್ಲಿ ನೆಪವಾಗಲಾರದು. ಹೆಚ್ಚಿನ ವಿವರಕ್ಕೆಂದು ಅರ್ಜಿಯಲ್ಲಿ ಪ್ರತ್ಯೇಕ ಭಾಗವಿದೆ. 2025ರಲ್ಲಿ ಅದರ ಮಿತಿಯು 650 ಪದಗಳಿಂದ 300ಕ್ಕೆ ಇಳಿದರೂ “ಬೆಸುಗೆ ತಂದೆಯದು, ಲೆಕ್ಕಾಚಾರ ನನ್ನದು” ಎನ್ನಲು ನಾಲ್ಕು ಪದ ಸಾಕು. ಇಲ್ಲಿ ಬರೆದುದೆಲ್ಲ ನನ್ನ ಸ್ವಂತದ್ದು, ವಾಸ್ತವವಾಗಿ ಸತ್ಯವಾದುದು ಎಂಬ ಹೇಳಿಕೆಗೆ ವಿದ್ಯಾರ್ಥಿಯು ಕೊನೆಯಲ್ಲಿ ಸಹಿ ಮಾಡತಕ್ಕದ್ದು. ಸುಳ್ಳೆಂದು ತಾನು ಬಲ್ಲ ಮಾತಿಗೆ ಮಗುವಿನ ಸಹಿ ಪಡೆಯುವ ತಂದೆತಾಯಿಗಳು, ಕಾಲೇಜು ಸೇರುವ ಮೊದಲೇ ಅದಕ್ಕೆ ಒಂದು ಪಾಠ ಕಲಿಸಿ ಮುಗಿಸಿರುತ್ತಾರೆ. ಪ್ರವೇಶ ದೊರೆತೀತು; ಆದರೆ ತನ್ನ ಸ್ವಂತ ಶಕ್ತಿ ಸಾಲದೆಂದು ಮನೆಯವರೇ ತೀರ್ಮಾನಿಸಿದರೆಂಬ ಅರಿವೂ ಅದರ ಜೊತೆಗೇ ದೊರೆಯುವುದು.

ಎಂ.ಐ.ಟಿ.ಯು 2013ರಿಂದ, ತಾವು ಕೈಯಾರೆ ಮಾಡಿದ ವಸ್ತುಗಳನ್ನು ಚಿತ್ರಸಹಿತವಾಗಿ ತೋರಿಸಲು ಇಚ್ಛಿಸುವವರಿಗೆ ಅವಕಾಶ ಕೊಟ್ಟಿದೆ. ಅಂತಹ ಕಡೆ ಕೆಲಸಮಾಡದ ಯಂತ್ರವನ್ನೂ, ಅದೇಕೆ ಕೆಲಸಮಾಡಲಿಲ್ಲವೆಂಬ ವಿವರಣೆಯೊಡನೆ, ನಿಸ್ಸಂಕೋಚವಾಗಿ ಇಡಬಹುದು. ಆರು ಪ್ರಮಾಣಪತ್ರಗಳಿದ್ದು ಒಂದೇ ಪಾಠ ಮನಸ್ಸಿಗೆ ಹತ್ತಿದ್ದರೆ ಆ ಒಂದನ್ನೇ ಬರೆದರಾಯಿತು. ಹತ್ತು ಸ್ಥಾನಗಳನ್ನೂ ತುಂಬಲೇಬೇಕೆಂಬ ನಿಯಮವೇನೂ ಆ ಅರ್ಜಿಯಲ್ಲಿಲ್ಲ.