ಅಲುಗದ ಒಂದು ಕಾಲು

ಆಟದ ಅಂಗಳದಲ್ಲಿ ಕಳೆದ ಒಂದು ಗಳಿಗೆ ಕೆಲವೊಮ್ಮೆ ವರ್ಷಗಟ್ಟಲೆ ಮನಸ್ಸನ್ನು ಕಾಡುತ್ತದೆ. ಬೆಳ್ತಂಗಡಿ ತಾಲೂಕಿನ ಶಾಲೆಯೊಂದರಲ್ಲಿ ಬಾಲಕಿಯರ ಬಾಸ್ಕೆಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ನನ್ನ ತಂಗಿಯ ಮಗಳು ಆಡುತ್ತಿದ್ದ ತಂಡ ಒಂದು ಅಂಕದಿಂದ ಹಿಂದಿತ್ತು. ಕೊನೆಯ ಕ್ಷಣದಲ್ಲಿ ಚೆಂಡು ಅವಳ ಕೈ ಸೇರಿತು. ಎದುರಾಳಿಗಳಿಬ್ಬರು ಕೈಚಾಚಿ ಅವಳನ್ನು ಸುತ್ತುವರಿದರು. ಅವಳು ಒಂದು ಕಾಲನ್ನು ನೆಲಕ್ಕೂರಿ ತಿರುಗಿ, ಬುಟ್ಟಿಯ ಸಮೀಪ ಒಂಟಿಯಾಗಿದ್ದ ಗೆಳತಿಗೆ ಚೆಂಡನ್ನು ಕೊಟ್ಟಳು. ಆ ಗೆಳತಿ ಅಂದು ಒಂದು ಅಂಕವನ್ನೂ ಗಳಿಸಿರಲಿಲ್ಲ. ಅವಳೆಸೆದ ಚೆಂಡು ರಿಂಗ್‌ಗೆ ತಾಗಿ ಹೊರಗೆ ಚಿಮ್ಮಿತು. ಪಂದ್ಯ ಕೈತಪ್ಪಿತು.

ಬಂಟ್ವಾಳಕ್ಕೆ ಮರಳುವಾಗ ಬಸ್ಸಿನಲ್ಲಿ ನಾನು, "ನೀನೇ ಎಸೆಯಬೇಕಿತ್ತು" ಎಂದೆ. ಅವಳು ಕಿಟಕಿಯಿಂದ ಮುಖ ತಿರುಗಿಸದೆಯೇ, "ನನ್ನೆದುರು ಇಬ್ಬರಿದ್ದರಲ್ಲ ಮಾಮ, ಹಾಗಾದರೆ ನಮ್ಮವರಲ್ಲಿ ಒಬ್ಬಳಾದರೂ ಬಿಡುವಾಗಿ ಇರಲೇಬೇಕಲ್ಲವೇ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಆಟವನ್ನು ರೂಪಿಸಿದವರು ಜೇಮ್ಸ್ ನೈಸ್ಮಿತ್. ದೈವಶಾಸ್ತ್ರವನ್ನು ಅಭ್ಯಾಸ ಮಾಡಿ ವ್ಯಾಯಾಮ ಶಿಕ್ಷಕರಾದವರು. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಅವರು 13 ನಿಯಮಗಳನ್ನು ಬರೆದರು. ಅವರ ತರ್ಕ ಸರಳವಾಗಿತ್ತು: ಚೆಂಡನ್ನು ಹಿಡಿದು ಓಡುವುದರಿಂದಲೇ ಆಟಗಾರನನ್ನು ಕೆಡವಬೇಕಾಗುತ್ತದೆ; ಓಡುವುದನ್ನೇ ನಿಷೇಧಿಸಿದರೆ ಕೆಡವುವ ಅಗತ್ಯವೂ ಇರುವುದಿಲ್ಲ. ದೂಡುವುದು, ಹಿಡಿಯುವುದು, ಹೊಡೆಯುವುದನ್ನೂ ಅವರು ನಿಷೇಧಿಸಿದರು. ಹೀಗೆ ಎದುರಾಳಿ ಒತ್ತಡ ಹೇರಬಹುದು, ಆದರೆ ನೋಯಿಸಬಾರದು ಎಂಬ ಮರ್ಯಾದೆ ಆಟದ ಬುನಾದಿಯಾಯಿತು.

ಇಂದಿನ ನಿಯಮದಂತೆ, ಚೆಂಡು ಹಿಡಿದು ನಿಂತವನಿಗೆ ಎದುರಾಳಿಯು ಒಂದು ಮೀಟರಿನೊಳಗೆ ಬಂದು ಅಡ್ಡನಿಂತರೆ, ಅವನು 5 ಸೆಕೆಂಡುಗಳಲ್ಲಿ ಚೆಂಡನ್ನು ಎಸೆಯಬೇಕು, ಕೊಡಬೇಕು ಅಥವಾ ಪುಟಿಸಬೇಕು. ಭಯಪಟ್ಟವನು ಆಗ ಮೂರು ತಪ್ಪುಗಳನ್ನು ಮಾಡುತ್ತಾನೆ. ಮೂಲೆಗೆ ಓಡುತ್ತಾನೆ, ಅಲ್ಲಿ ಅಂಕಣದ ಗೆರೆಯೇ ಮತ್ತೊಬ್ಬ ಎದುರಾಳಿಯಾಗುತ್ತದೆ. ಕಣ್ಣುಮುಚ್ಚಿ ಚೆಂಡನ್ನು ಎಸೆದುಬಿಡುತ್ತಾನೆ. ಇಲ್ಲವೇ ಮೊಣಕೈ ಬೀಸಿ ಫೌಲ್ ಮಾಡುತ್ತಾನೆ. ಪಳಗಿದವನು ಮೊಣಕಾಲು ಬಗ್ಗಿಸಿ, ದೇಹವನ್ನು ಚೆಂಡಿಗೆ ಆಸರೆಯಾಗಿಸಿ, ತಲೆಯೆತ್ತಿ ನೋಡುತ್ತಾನೆ. ಪುಟಿಸುವ ಅವಕಾಶ ಉಳಿದಿದ್ದರೆ ಎರಡು ಹೆಜ್ಜೆ ಹಿಂದೆ ಸರಿದು ಜಾಗ ಮಾಡಿಕೊಳ್ಳುತ್ತಾನೆ. ಇಲ್ಲದಿದ್ದರೆ ಒಂದು ಕಾಲನ್ನು ಅಲುಗದಂತೆ ಊರಿ, ಇನ್ನೊಂದರಿಂದ ಸುತ್ತಲೂ ತಿರುಗುತ್ತಾನೆ. ಊರಿದ ಕಾಲು ಸ್ಥಿರವಾಗಿರುವುದರಿಂದಲೇ ಅವನಿಗೆ ನಾಲ್ಕೂ ದಿಕ್ಕು ತೆರೆದಿರುತ್ತದೆ.

ನಮ್ಮ ಮಣ್ಣಿನ ಕಬಡ್ಡಿಯಲ್ಲಿ ಸ್ಥಿತಿ ಬೇರೆ. ನೆರೆಯ ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿಯವರು 2012ರಲ್ಲಿ ಪಾಟ್ನಾದಲ್ಲಿ ಮಹಿಳಾ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿಯಾಗಿದ್ದರು. 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಆ ಆಟದಲ್ಲಿ ದಾಳಿಗೆ ಹೋದವರು 30 ಸೆಕೆಂಡುಗಳ ಕಾಲ ಏಳು ಜನರ ನಡುವೆ ಒಂಟಿ. ತಮ್ಮ ಉಸಿರು, ತಮ್ಮ ಕಾಲು. ಹೊರೆಯನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಬದುಕಿನಲ್ಲಿಯೂ ಒಂಟಿಯಾಗಿಯೇ ಹೊರಬೇಕಾದ ಭಾರಗಳಿವೆ: ತಪ್ಪೊಪ್ಪಿಕೊಳ್ಳುವುದು, ಆಮಿಷಕ್ಕೆ ಇಲ್ಲವೆನ್ನುವುದು. ಆದರೆ ಹಂಚಿಕೊಳ್ಳಬೇಕಾದ ಭಾರವನ್ನೂ ಕಬಡ್ಡಿಯ ದಾಳಿಯೆಂದೇ ಭಾವಿಸಿ ಕುಸಿಯುವವರು ನಮ್ಮಲ್ಲಿ ಎಷ್ಟು ಮಂದಿ! ಸಾಲದ ಹೊರೆಯನ್ನು ಮಡದಿಗೂ ಹೇಳದ ಗಂಡ, ಮೂಡುಬಿದಿರೆಯ ಹಾಸ್ಟೆಲಿನಲ್ಲಿ ಪಿಯುಸಿ ಓದುತ್ತಾ ಫೋನಿನಲ್ಲಿ "ಎಲ್ಲ ಸರಿ ಇದೆ" ಎನ್ನುವ ಮಗ, ಇವರೆಲ್ಲ ಮೂಲೆಗೆ ಸೇರಿದ ಆಟಗಾರರೇ. ಪರೀಕ್ಷೆ ಅವರ ಮೊದಲ ಕಾವಲುಗಾರ. ಎರಡನೆಯವರು ಹೆಚ್ಚಾಗಿ ಮನೆಯವರಾದ ನಾವೇ.

ಹಾಗಾದರೆ ಚೆಂಡನ್ನು ಕೊಟ್ಟುಬಿಡುವುದೆಲ್ಲ ಒಳ್ಳೆಯದೇ? ಅಲ್ಲ. ಜವಾಬ್ದಾರಿಯಿಂದ ನುಣುಚಿಕೊಳ್ಳಲು ಕೊಡುವವನೂ, ಸಹಆಟಗಾರನಲ್ಲಿ ವಿಶ್ವಾಸವಿಟ್ಟು ಕೊಡುವವನೂ ಹೊರನೋಟಕ್ಕೆ ಒಂದೇ ಕೆಲಸವನ್ನು ಮಾಡುತ್ತಾರೆ. ವ್ಯತ್ಯಾಸವಿರುವುದು ದೃಷ್ಟಿಯಲ್ಲಿ. ಮೊದಲನೆಯವನಿಗೆ ತನ್ನ ಭಯವಷ್ಟೇ ಕಾಣುತ್ತದೆ. ಎರಡನೆಯವನಿಗೆ ಗೆಳೆಯ ಕಾಣುತ್ತಾನೆ. ಫಲಿತಾಂಶ ಈ ವ್ಯತ್ಯಾಸವನ್ನು ತೋರಿಸುವುದಿಲ್ಲ. ಚೆಂಡು ಬುಟ್ಟಿಗೆ ಬಿದ್ದಿದ್ದರೆ ನಾನೇ ಅವಳನ್ನು ಜಾಣೆ ಎನ್ನುತ್ತಿದ್ದೆ. ಅವಳ ನಿರ್ಧಾರ ಆಗಲೂ ಅದೇ, ಈಗಲೂ ಅದೇ. ಅದೃಷ್ಟದಿಂದ ಬದಲಾಗುವಂಥದ್ದು ಗೆಲುವೇ ಹೊರತು ನಡೆಯ ಯೋಗ್ಯತೆಯಲ್ಲ. ಹಾಗೆಂದು ಕೊಟ್ಟ ಮಾತ್ರಕ್ಕೆ ಹೊಣೆ ಮುಗಿಯುವುದೂ ಇಲ್ಲ. ಯಾರಲ್ಲಿ ವಿಶ್ವಾಸವಿಟ್ಟೆವೋ ಅವರ ಸೋಲಿನಲ್ಲಿಯೂ ನಮಗೆ ಪಾಲಿದೆ.

ಆ ಪಂದ್ಯದ ಮುಂದಿನ ವಾರ ತಂಗಿಯ ಮನೆಗೆ ಹೋಗಿದ್ದೆ. ಮಗಳು ಶಾಲೆಯಿಂದ ತಡವಾಗಿ ಬಂದಳು. ಕಾರಣ ಕೇಳಿದೆ. ಗುರಿ ತಪ್ಪಿದ ಆ ಗೆಳತಿ ಅಂಗಳಕ್ಕೆ ಬರಲು ನಾಚುತ್ತಿದ್ದಳಂತೆ. ಇವಳು ಅವಳನ್ನು ಕೈಹಿಡಿದು ಕರೆತಂದು, ಸಂಜೆಯವರೆಗೂ ಚೆಂಡು ಹೆಕ್ಕಿಕೊಡುತ್ತ ಎಸೆತದ ಅಭ್ಯಾಸ ಮಾಡಿಸುತ್ತಿದ್ದಳಂತೆ. "ಬಸ್ಸಿನಲ್ಲಿ ನಾನು ಆಡಿದ ಮಾತು ತಪ್ಪಾಯಿತು ಮಗಳೇ" ಎಂದೆ. ಅವಳು ನಕ್ಕು, ಬ್ಯಾಗನ್ನು ಕೆಳಗಿಟ್ಟು, ಕಾಲು ತೊಳೆಯಲು ಹೋದಳು.