ಪಟ್ಟಿಯಲ್ಲಿ ಹೆಸರಿಲ್ಲದ ಮಗು



ಇಂದಿನ ಚಿಂತನೆ ಸ್ವಲ್ಪ ಉದ್ದ ಇದೆ. ಹೊಲಕ್ಕೆ, ಡ್ಯೂಟಿಗೆ ಹೋಗುವವರು ಸಂಜೆ ಓದಿದರೂ ಆದೀತು.

ನಮ್ಮ ಮಸ್ಕಿ ಗುಡ್ಡದ ಶಾಸನದ ಬಗ್ಗೆ ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಚಿನ್ನ ಹುಡುಕುತ್ತ ಬಂದು ಅದನ್ನು ಕಂಡ. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಜಗತ್ತಿಗೆ ಖಾತ್ರಿಯಾದದ್ದು ಆ ಕಲ್ಲಿನಿಂದ. ಫೋಟೋ ತೆಗೆಸಿಕೊಂಡು ಬರುತ್ತೇವೆ, ಸ್ಟೇಟಸ್ ಇಡುತ್ತೇವೆ. ಆದರೆ ಹೆಸರಿನ ಮುಂದಿನ ಸಾಲುಗಳ ತನಕ ಹೋಗುವವರು ಕಡಿಮೆ. ಅಲ್ಲಿರುವ ಮಾತಿನ ಸಾರ ಇಷ್ಟು: ಈ ಗುರಿಯನ್ನು ದೊಡ್ಡವರು ಮಾತ್ರ ಮುಟ್ಟಬಲ್ಲರು ಎಂದು ತಿಳಿಯಬಾರದು, ಧಮ್ಮದಲ್ಲಿ ತೊಡಗಿದರೆ ಸಣ್ಣವನೂ ಮುಟ್ಟಬಲ್ಲ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು. ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ನೆಲದ ಬಂಡೆಯ ಮೇಲೆ ಕೊರೆಸಿದ ಮಾತು. ಈಚೆಗೆ ನಮ್ಮ ಕೇರಿಯ ಶಾಲೆಯಲ್ಲಿ ನಡೆದ ಒಂದು ಜಗಳ ಕೇಳಿದಾಗ ನನಗೆ ಆ ಸಾಲು ನೆನಪಾಯಿತು.

ಶಾಲೆಯ ಹೆಸರು ಬೇಡ, ಇಂಥವು ಬೇಕಾದಷ್ಟಿವೆ. ನಾಲ್ಕನೇ ಮತ್ತು ಐದನೇ ಇಯತ್ತೆ ಸೇರಿ ಮಕ್ಕಳು ಎಂಬತ್ತರ ಹತ್ತಿರ. ಸೋರದ ಕೋಣೆ ಒಂದೇ. ಕಲಿಸುವವರು ಒಬ್ಬ ಕಾಯಂ ಮೇಷ್ಟ್ರು, ಒಬ್ಬ ಅತಿಥಿ ಶಿಕ್ಷಕರು. ಆ ಅತಿಥಿ ಶಿಕ್ಷಕರು ಒಳ್ಳೆಯ ಮನುಷ್ಯರೇ. ತಮ್ಮ ಖರ್ಚಿನಲ್ಲಿ ಗೈಡ್ ತಂದು, ಐದನೇ ಇಯತ್ತೆಯ ಹದಿನಾಲ್ಕು ಮಕ್ಕಳನ್ನು ಆರಿಸಿ, ನವೋದಯ ಮತ್ತು ಮೊರಾರ್ಜಿ ಪರೀಕ್ಷೆಗೆ ತಯಾರು ಮಾಡತೊಡಗಿದರು. ಬಿಸಿಯೂಟದ ನಂತರ ಕೋಣೆ ಆ ಹದಿನಾಲ್ಕು ಮಕ್ಕಳಿಗೆ. ಉಳಿದವರು ಹೊರಗೆ ಬೇವಿನ ಗಿಡದ ಕೆಳಗೆ, ಕಾಯಂ ಮೇಷ್ಟ್ರ ಹತ್ತಿರ. ಅವರು ಮೀಟಿಂಗಿಗೆ ಹೋದ ದಿನ ಯಾರ ಹತ್ತಿರವೂ ಇಲ್ಲ.

ಎಸ್‌ಡಿಎಂಸಿ ಸಭೆಯಲ್ಲಿ ಇಬ್ಬರು ತಾಯಂದಿರು ಎದುರುಬದುರು ನಿಂತರು. ಇಬ್ಬರೂ ನಮ್ಮ ಕೇರಿಯವರೇ, ಒಂದೇ ಹೊಲದಲ್ಲಿ ಹತ್ತಿ ಬಿಡಿಸುವವರು.

“ನಿನ್ನ ಮಗ ಶ್ಯಾಣ್ಯಾ ಅದಾನಂತ ನನ್ನ ಮಗಳು ಬಿಸಿಲಾಗ ಕುಂದ್ರಬೇಕೇನು?”

“ನಾನೇನ್ ನಿನ್ನ ಮಗಳ ಜಾಗ ಕಸ್ಗೊಂಡೀನೇನಕ್ಕ? ನನ್ನ ಮಗ ಪಾಸಾದ್ರ ಒಂದು ಮನಿ ಉದ್ಧಾರ ಆಗ್ತದ. ಅದನ್ನೂ ಬ್ಯಾಡ ಅಂತೀಯೇನು?”

ಸಭೆಯಲ್ಲಿದ್ದ ನಮ್ಮ ಬಳಗದ ಹಿರಿಯರೊಬ್ಬರು ಮೊದಲನೆಯ ತಾಯಿಗೆ, “ತಂಗಿ, ನಾವು ಬೌದ್ಧರು. ಇನ್ನೊಬ್ಬರ ಏಳಿಗೆ ಕಂಡು ಹಿಗ್ಗೋದು, ಮುದಿತಾ, ಅದನ್ನ ರೂಢಿ ಮಾಡ್ಕೋಬೇಕು” ಅಂದರು. ಹಿರಿಯರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಈ ಮಾತು ನನಗೆ ಸರಿ ಬರಲಿಲ್ಲ. ಮುದಿತಾ ಅವರವರ ಮನಸ್ಸಿನೊಳಗೆ ಬೆಳೆಯಬೇಕಾದದ್ದು. ಬಿಸಿಲಿನಲ್ಲಿ ಕೂತವರ ತಾಯಿಯಿಂದ ವಸೂಲಿ ಮಾಡುವ ಕರವಲ್ಲ ಅದು. ಆಕೆಯದು ಹೊಟ್ಟೆಕಿಚ್ಚು ಎಂದು ನಾವು ತೀರ್ಮಾನಿಸಿಬಿಟ್ಟರೆ ಆಕೆ ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಕೆಲಸ ತಪ್ಪುತ್ತದೆ.

ಪ್ರಶ್ನೆ ಇದು: ಎಲ್ಲರಿಗೂ ಸಾಲದಷ್ಟು ಇದ್ದಾಗ, ಇರುವುದನ್ನು ಆರಿಸಿದ ಕೆಲವರಿಗೆ ಕೊಡುವುದು ನ್ಯಾಯವೇ?

ಮೊದಲು ‘ಆರಿಸಿದ’ ಎಂಬ ಶಬ್ದವನ್ನು ನೋಡೋಣ. ನವೋದಯ ವಿದ್ಯಾಲಯ ನಮ್ಮ ತಾಲೂಕಿನ ಮುದಗಲ್‌ನಲ್ಲೇ ಇದೆ. ಒಂದು ನವೋದಯಕ್ಕೆ ವರ್ಷಕ್ಕೆ ಆರನೇ ಇಯತ್ತೆಗೆ ಹೆಚ್ಚೆಂದರೆ 80 ಮಕ್ಕಳು. ಪರೀಕ್ಷೆ 2 ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧ ಅಂಕ ಚಿತ್ರ ಜೋಡಿಸುವ, ಬೇರೆಯದನ್ನು ಗುರುತಿಸುವ ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳಿಗೆ. ಆರನೇ ಇಯತ್ತೆಯ ಈ ಪರೀಕ್ಷೆಗೆ ಒಂದು ಮಗು ಜೀವನದಲ್ಲಿ ಒಂದೇ ಸಲ ಕೂಡಬಹುದು. ಇದರಲ್ಲಿ ಒಳ್ಳೆಯ ನಿಯಮಗಳೂ ಇವೆ. ಕನಿಷ್ಠ ಮುಕ್ಕಾಲು ಪಾಲು ಸೀಟು ಹಳ್ಳಿಯ ಮಕ್ಕಳಿಗೆ, ಮೂರನೇ ಒಂದು ಪಾಲು ಹೆಣ್ಣುಮಕ್ಕಳಿಗೆ, ನಮ್ಮ ಮಕ್ಕಳಿಗೆ ಮೀಸಲಾತಿ. ಅಲ್ಲಿ ಓದಿ ಮೇಲೆ ಬಂದ ನಮ್ಮ ಮಕ್ಕಳನ್ನು ಕಂಡಿದ್ದೇನೆ, ಸಂತೋಷಪಟ್ಟಿದ್ದೇನೆ.

ಆದರೆ ಆ ಚಿತ್ರದ ಪ್ರಶ್ನೆಗಳನ್ನು ಆರು ತಿಂಗಳು ಬಿಡಿಸಿ ರೂಢಿಯಿರುವ ಮಗು ಮತ್ತು ಪರೀಕ್ಷೆಯ ದಿನವೇ ಮೊದಲ ಸಲ ಕಾಣುವ ಮಗು, ಇವರಿಬ್ಬರ ನಡುವಿನ ಅಂತರಕ್ಕೆ ‘ಪ್ರತಿಭೆ’ ಎಂದು ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ. ಪಟ್ಟಣದಲ್ಲಿ ಕೋಚಿಂಗಿಗೆ ದುಡ್ಡು ಕಟ್ಟುವವರು ಇದನ್ನು ಚೆನ್ನಾಗಿ ಬಲ್ಲರು, ಇಲ್ಲದಿದ್ದರೆ ಯಾಕೆ ಕಟ್ಟುತ್ತಿದ್ದರು? ನಮ್ಮ ಶಾಲೆಯ ಹದಿನಾಲ್ಕು ಹೆಸರು ಹೇಗೆ ಬಂದವು ಎಂದು ಕೇಳಿದೆ. ಹಾಜರಿ ಚೆನ್ನಾಗಿದ್ದವರು, ಮನೆಯಲ್ಲಿ ಓದಿಸುವವರು ಇದ್ದವರು. ಜಗಳಕ್ಕೆ ನಿಂತ ತಾಯಿಯ ಮಗಳು ಹಿಂದಿನ ವರ್ಷ ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋಗಿ ನಾಲ್ಕು ತಿಂಗಳು ಶಾಲೆ ಬಿಟ್ಟಿದ್ದಳು. ಅದೇ ಹುಡುಗಿ ಹತ್ತಿ ತೂಕ ಮಾಡುವಾಗ ಕಿಲೋಕ್ಕೆ ಇಷ್ಟರಂತೆ ಆರು ಜನರ ಕೂಲಿಯನ್ನು ಬಾಯಿಲೆಕ್ಕದಲ್ಲಿ ಹೇಳುತ್ತಾಳೆ, ಮಾಲೀಕನ ಮೊಬೈಲ್ ಕ್ಯಾಲ್ಕುಲೇಟರ್‌ಗಿಂತ ಮೊದಲು. ಆ ಲೆಕ್ಕ ಯಾವ ಪಟ್ಟಿಯಲ್ಲೂ ಇಲ್ಲ.

ಧಮ್ಮಪದದ ಅಟ್ಠಕಥೆಯಲ್ಲಿ ಇಬ್ಬರು ಅಣ್ಣತಮ್ಮಂದಿರ ಕಥೆ ಬರುತ್ತದೆ, ಮಹಾಪಂಥಕ ಮತ್ತು ಚೂಳಪಂಥಕ. ರಾಜಗೃಹದ ಶ್ರೀಮಂತ ಸೆಟ್ಟಿಯ ಮಗಳು ಮನೆಯ ದಾಸನ ಜೊತೆ ಊರು ಬಿಟ್ಟು ಹೋಗಿ, ದಾರಿಯಲ್ಲಿ ಹಡೆದ ಮಕ್ಕಳು. ಪಂಥ ಎಂದರೆ ದಾರಿ. ಇಬ್ಬರೂ ಭಿಕ್ಷುಗಳಾದರು. ಅಣ್ಣ ಚುರುಕು. ತಮ್ಮನಿಗೆ ಒಂದು ಗಾಥೆ ನಾಲ್ಕು ತಿಂಗಳಾದರೂ ಬಾಯಿಗೆ ಬರಲಿಲ್ಲ. ಅಣ್ಣ, “ನೀನು ಇಲ್ಲಿಗೆ ಯೋಗ್ಯನಲ್ಲ, ಹೊರಟು ಹೋಗು” ಅಂದ. ವೈದ್ಯ ಜೀವಕ ಸಂಘವನ್ನು ಊಟಕ್ಕೆ ಕರೆದಾಗ ಯಾರು ಹೋಗಬೇಕೆಂದು ಪಟ್ಟಿ ಮಾಡುವವನೂ ಇದೇ ಅಣ್ಣ, ತಮ್ಮನ ಹೆಸರು ಬಿಟ್ಟ. ಅಳುತ್ತ ಹೊರಟ ತಮ್ಮನನ್ನು ಬುದ್ಧರು ಕಂಡು ಕೈಗೊಂದು ಬಿಳಿ ಬಟ್ಟೆ ಕೊಟ್ಟು, ಬಿಸಿಲಿಗೆ ಮುಖ ಮಾಡಿ ಉಜ್ಜುತ್ತಿರು ಎಂದರು. ಬಟ್ಟೆ ಕೊಳೆಯಾಗುತ್ತ ಹೋದದ್ದನ್ನು ನೋಡನೋಡುತ್ತ ಅವನಿಗೆ ಅನಿತ್ಯ ತಿಳಿಯಿತು. ಗಾಥೆ ಬಾಯಿಪಾಠ ಮಾಡಲಾಗದವನು ಅರ್ಹಂತನಾದ. (ಅವನು ಸಾವಿರ ಭಿಕ್ಷುಗಳಾಗಿ ಕಾಣಿಸಿಕೊಂಡ ಎಂಬ ಪವಾಡವೂ ಕಥೆಯಲ್ಲಿದೆ. ಬಾಬಾಸಾಹೇಬರ ದಾರಿಯವರಾದ ನಮಗೆ ಅದು ಬೇಕಿಲ್ಲ.)

ಈ ಕಥೆಯನ್ನು ಹೇಳುವವರು ಬಟ್ಟೆಯ ಹತ್ತಿರ ನಿಲ್ಲಿಸುತ್ತಾರೆ. ನನಗೆ ಮುಖ್ಯವಾದದ್ದು ಅದರ ಮುಂದಿನದು. ಜೀವಕನ ಮನೆಯಲ್ಲಿ ಬಡಿಸಲು ಬಂದಾಗ ಬುದ್ಧರು ಪಾತ್ರೆಯ ಮೇಲೆ ಕೈ ಮುಚ್ಚಿದರು. ವಿಹಾರದಲ್ಲಿ ಯಾರೂ ಉಳಿದಿಲ್ಲವೇ ಎಂದು ಕೇಳಿದರು. ಇಲ್ಲ ಎಂದ ಅಣ್ಣ. ಇದ್ದಾನೆ ಎಂದರು ಬುದ್ಧರು. ಅವನನ್ನು ಕರೆತರಲು ಆಳು ಹೋದ. ಪಟ್ಟಿಯಲ್ಲಿದ್ದವರನ್ನು ಬುದ್ಧರು ಎಬ್ಬಿಸಿ ಕಳಿಸಲಿಲ್ಲ, ಗಮನಿಸಿ. ಬಿಟ್ಟವನು ಬರುವ ತನಕ ತಾವು ಉಣ್ಣಲಿಲ್ಲ, ಅಷ್ಟೇ.

ಹಾಗಾದರೆ ಎರಡನೆಯ ತಾಯಿಯ ಮಾತು? ಅದೂ ಸರಿ. ಎಲ್ಲರಿಗೂ ಸಿಗುವ ತನಕ ಯಾರಿಗೂ ಬೇಡ ಎಂಬ ವಾದ ನಮ್ಮ ಬಾಯಲ್ಲಿ ಬರಬಾರದು. 1907ರಲ್ಲಿ ಭೀಮರಾವ್ ಮೆಟ್ರಿಕ್ ಪಾಸಾದಾಗ ಕೃಷ್ಣಾಜಿ ಕೇಳುಸ್ಕರ್ ಗುರುಗಳು ತಾವು ಬರೆದ ಬುದ್ಧ ಚರಿತ್ರೆಯನ್ನು ಕೈಗಿಟ್ಟರು. ಮುಂದೆ ಬರೋಡದ ಸಯಾಜಿರಾವ್ ಮಹಾರಾಜರ ವಿದ್ಯಾರ್ಥಿವೇತನಕ್ಕೂ ದಾರಿ ಮಾಡಿಕೊಟ್ಟರು. 1913ರಲ್ಲಿ ಅವರು ಕೊಲಂಬಿಯಾಕ್ಕೆ ಹೋದದ್ದು ಆರಿಸಿದ ಒಬ್ಬನಾಗಿಯೇ. ಅಂದು ಬೇಡ ಅಂದಿದ್ದರೆ ಇಂದು ನಾವೆಲ್ಲಿ?

ಆದರೆ ಆರಿಸಿ ಬಂದವರು ಆಮೇಲೆ ಏನು ಮಾಡಿದರು ನೋಡಿ. 1927ರ ಮಾರ್ಚ್ 12ರಂದು ಮುಂಬೈ ಶಾಸನ ಪರಿಷತ್ತಿನಲ್ಲಿ ಶಿಕ್ಷಣದ ಅನುದಾನದ ಮೇಲೆ ಎದ್ದು ನಿಂತು ಅವರು ಕೊಟ್ಟ ಲೆಕ್ಕ ಇದು: ಪ್ರಾಥಮಿಕ ಶಾಲೆಗೆ ಸೇರುವ 100 ಮಕ್ಕಳಲ್ಲಿ ನಾಲ್ಕನೇ ಇಯತ್ತೆ ಮುಟ್ಟುವವರು 18 ಮಾತ್ರ, ಉಳಿದ 82 ಮಕ್ಕಳು ಮತ್ತೆ ನಿರಕ್ಷರಿಗಳಾಗುತ್ತಾರೆ. ತಾವು 18ರ ಪೈಕಿ. ಮಾತಾಡಿದ್ದು 82ರ ಪರವಾಗಿ. ಎಂಟು ದಿನಕ್ಕೆ, ಅದೇ ಮಾರ್ಚ್ 20ರಂದು, ಮಹಾಡದ ಚೌದಾರ್ ಕೆರೆ. ನೀರಿನ ಹೋರಾಟ ನಮಗೆಲ್ಲ ಗೊತ್ತು. ಆ ವಾರದ ಶಾಲೆಯ ಮಾತು ಅಷ್ಟು ಗೊತ್ತಿಲ್ಲ.

ಸಾತಾರಾದ ಶಾಲೆಯಲ್ಲಿ ಅವರು ಗೋಣಿ ಹಾಸಿಕೊಂಡು ಬೇರೆ ಕೂತದ್ದನ್ನು ಬೇವಿನ ಗಿಡದ ಕೆಳಗೆ ಕೂತ ಮಕ್ಕಳಿಗೆ ಹೋಲಿಸಿ ಒಬ್ಬ ತಮ್ಮ ಗುಂಪಿನಲ್ಲಿ ಬರೆದಿದ್ದ. ಅದು ಅಸ್ಪೃಶ್ಯತೆ, ಇದು ಅದಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಆದರೆ ಒಳಗೆ ಕೂತವರು ಶ್ಯಾಣ್ಯಾರು, ನಾನಲ್ಲ ಎಂದು ಹತ್ತು ವರ್ಷದ ಮಗು ದಿನಾಲೂ ಕಲಿಯುತ್ತಿದ್ದರೆ, ಅದೂ ಒಂದು ಪಾಠವೇ. ಅದನ್ನು ಕಲಿಸಿದ ಮೇಲೆ ಗಣಿತ ಕಲಿಸುವುದು ಕಷ್ಟ.

ನಿಜವಾದ ಕೊರತೆ ಇರುವುದು ಆ ಇಬ್ಬರು ತಾಯಂದಿರ ನಡುವೆ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. ಒಂದರಿಂದ ಐದನೇ ಇಯತ್ತೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 90ರ ತನಕ ಮೂವರು, 120ರ ತನಕ ನಾಲ್ವರು, 200ರ ತನಕ ಐವರು. ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ಕೋಣೆ. ನಮ್ಮಲ್ಲಿ ಎರಡೇ ಇಯತ್ತೆಗೆ ಎಂಬತ್ತು ಮಕ್ಕಳು, ಒಂದು ಕೋಣೆ. ಕಾಯ್ದೆಯಂತೆ ಕೊಟ್ಟಿದ್ದರೆ ಆ ಜಗಳಕ್ಕೆ ಜಾಗವೇ ಇರುತ್ತಿರಲಿಲ್ಲ. ಹದಿನಾಲ್ಕೋ ಅರವತ್ತಾರೋ ಎಂದು ಕಿತ್ತಾಡುವಾಗ ಯಾರೂ ಆ ಮೂರನೆಯ ಶಿಕ್ಷಕನನ್ನು ಕೇಳಲಿಲ್ಲ.

ಇನ್ನೊಂದು ಮಾತು, ಇದು ಕೆಲವರಿಗೆ ಚುಚ್ಚಬಹುದು. ಮಗುವಿಗೆ ಮೊರಾರ್ಜಿಯಲ್ಲೋ ನವೋದಯದಲ್ಲೋ ಸೀಟು ಸಿಕ್ಕ ಮರುದಿನದಿಂದ ಆ ಅಪ್ಪ ಎಸ್‌ಡಿಎಂಸಿ ಸಭೆಗೆ ಬರುವುದಿಲ್ಲ. ಅರ್ಜಿ ಬರೆಯಬಲ್ಲವರು, ಬಿಇಒ ಕಚೇರಿಯಲ್ಲಿ ಕುರ್ಚಿ ಎಳೆದು ಕೂತು ಮಾತಾಡಬಲ್ಲವರು ಅವರೇ. ಅವರು ಹೋದರೆ ಶಾಲೆಗೆ ಉಳಿಯುವುದು ಗುಳೆ ಹೋಗುವವರ ಮಕ್ಕಳು ಮಾತ್ರ. ಸೀಟು ಪಡೆದದ್ದರಲ್ಲಿ ತಪ್ಪಿಲ್ಲ. ಕೈಯನ್ನು ಪಾತ್ರೆಯ ಮೇಲಿಂದ ಅಷ್ಟು ಬೇಗ ತೆಗೆಯುವುದು ನನಗೆ ಸರಿ ಕಾಣುವುದಿಲ್ಲ.

ಸಭೆಯಲ್ಲಿ ಕೊನೆಗೆ ಆದದ್ದು ಇಷ್ಟು. ತಯಾರಿ ಪಾಠ ಈಗ ಬೆಳಿಗ್ಗೆ, ಪ್ರಾರ್ಥನೆಗೆ ಮೊದಲು. ಬರುವ ಮನಸ್ಸಿರುವ ಯಾವ ಮಗುವಾದರೂ ಬರಬಹುದು. ಮೊದಲ ವಾರ ಮೂವತ್ತು ಮಕ್ಕಳು ಬಂದರು, ಈಗ ಇಪ್ಪತ್ತೆರಡು. ಗೈಡ್ ಎರಡೇ ಇವೆ, ಸುತ್ತ ಕೂತು ನೋಡುತ್ತಾರೆ. ಕಲಿಸುವ ಅತಿಥಿ ಶಿಕ್ಷಕರಿಗೆ ಆ ಒಂದು ತಾಸಿಗೆ ಸಂಬಳವಿಲ್ಲ, ಇದೂ ನ್ಯಾಯವಲ್ಲ. ಮೂರನೆಯ ಶಿಕ್ಷಕರಿಗಾಗಿ ಕೊಟ್ಟ ಅರ್ಜಿಗೆ ಸ್ವೀಕೃತಿ ಸಿಕ್ಕಿದೆ, ಉತ್ತರ ಬಂದಿಲ್ಲ. ಇಬ್ಬರು ತಾಯಂದಿರು ಇನ್ನೂ ಪೂರ್ತಿ ಮಾತಾಡುವುದಿಲ್ಲ. ಆದರೆ ಅರ್ಜಿಯ ಮೇಲೆ ಒಬ್ಬರ ಸಹಿ, ಅದರ ಕೆಳಗೆ ಇನ್ನೊಬ್ಬರ ಹೆಬ್ಬೆಟ್ಟು ಇದೆ.

ಈ ಭಾನುವಾರ ವಂದನೆಗೆ ಬರುವಾಗ ನಿಮ್ಮ ನಿಮ್ಮ ಕೇರಿಯ ಶಾಲೆಯ ಮೂರು ಅಂಕಿ ಬರೆದುಕೊಂಡು ಬನ್ನಿ: ಮಕ್ಕಳೆಷ್ಟು, ಶಿಕ್ಷಕರೆಷ್ಟು, ಕೋಣೆ ಎಷ್ಟು. ಗೈಡ್ ಹಳೆಯದಿದ್ದರೂ ತನ್ನಿ.

ಜೈ ಭೀಮ್.